ಪುಣೆ–ಗೋವಾ ಘಾಟಿ ರೈಡ್: ನಾವು ದುಡ್ಡು ಕೊಟ್ಟದ್ದು ಹಿಂದೆ ಬರುವವನಿಗೆ

ರಸ್ತೆ ಪುಕ್ಕಟೆ. ತಾಮ್ಹಿಣಿ ಘಾಟಿಗೆ ಯಾರೂ ಟಿಕೆಟ್ ಇಟ್ಟಿಲ್ಲ, ಅಂಬೆನಳಿಗೂ ಇಲ್ಲ, ಆಂಬೋಲಿಗೂ ಇಲ್ಲ. ಹೈವೇಯಲ್ಲಿ ಬೈಕಿಗೆ ಟೋಲ್ ಕೂಡ ಇಲ್ಲ. ಹಾಗಿರುವಾಗ ಟೂರ್ ತಂಡಕ್ಕೆ ಇಪ್ಪತ್ತೈದು ಸಾವಿರದ ಆಸುಪಾಸು ಕೊಟ್ಟು ಗುಂಪಿನಲ್ಲಿ ಯಾಕೆ ಹೋಗಬೇಕು? ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಚರ್ಚೆ ಶುರುವಾಗುತ್ತದೆ. ಅರ್ಧ ಜನ "ಸುಮ್ನೆ ದುಡ್ಡು ದಂಡ, ಮ್ಯಾಪ್ ಹಾಕ್ಕೊಂಡು ನಾವೇ ಹೋಗೋಣ" ಅನ್ನುತ್ತಾರೆ. ಇನ್ನರ್ಧ ಜನ ಏನೂ ಹೇಳದೆ ಬುಕ್ ಮಾಡಿ ಬಿಡುತ್ತಾರೆ. ದಸರಾ ಕಳೆದ ಮೇಲೆ ನಾವು ನಾಲ್ಕೈದು ಜನ, ಹಿಂಜೆವಾಡಿ, ವಾಕಡ್, ಚಾಕಣ್ ಕಡೆಯ ವಿಜಯಪುರ, ಬೆಳಗಾವಿ, ಕಲಬುರಗಿ ಮಂದಿ, ಎರಡನೇ ಗುಂಪಿಗೆ ಸೇರಿಕೊಂಡೆವು.

ಕರೆದುಕೊಂಡು ಹೋದದ್ದು ಪುಣೆಯದೇ ಒಂದು ಸಣ್ಣ ಟೂರ್ ತಂಡ. ಹೆಸರು ಬರೆಯುವುದಿಲ್ಲ. ಇಂಥ ತಂಡಗಳು ಇಲ್ಲಿ ಬೇಕಾದಷ್ಟಿವೆ, ಬ್ರೋಷರ್ ಎಲ್ಲರದ್ದೂ ಒಂದೇ ಥರ, ಫೋಟೊಗಳೂ ಒಂದೇ ಥರ. ಹಾಗಾಗಿ ಕೆಳಗೆ ಬರೆದದ್ದು ನೀವು ಬುಕ್ ಮಾಡುವ ತಂಡಕ್ಕೂ ಹೊಂದಬಹುದು.

ದಾರಿ ಹೀಗಿತ್ತು. ಪುಣೆಯಿಂದ ಪೌಡ್, ಮುಳಶಿ ಮೇಲೆ ತಾಮ್ಹಿಣಿ ಇಳಿದು ಮಾಣಗಾಂವ್. ಅಲ್ಲಿಂದ ಮಹಾಡ್, ಪೋಲಾದಪುರ, ಅಂಬೆನಳಿ ಘಾಟಿ ಹತ್ತಿ ಮಹಾಬಳೇಶ್ವರ. ಮರುದಿನ ಪಂಚಗಣಿ, ಪಸರಣಿ ಘಾಟಿ, ವಾಯಿ, ಸಾತಾರಾ ದಾಟಿ ಕೊಲ್ಹಾಪುರ. ಆಮೇಲೆ ನಿಪ್ಪಾಣಿ, ಆಜರಾ, ಆಂಬೋಲಿ ಘಾಟಿ ಇಳಿದು ಸಾವಂತವಾಡಿ, ಗೋವಾ. ಅಲ್ಲಿ ಒಂದು ದಿನ ರೆಸ್ಟ್. ವಾಪಸ್ ಚೋರ್ಲಾ ಘಾಟಿ ಹತ್ತಿ ಬೆಳಗಾವಿ, ಬೆಳಗಾವಿಯಿಂದ ಹೈವೇ ಹಿಡಿದು ಪುಣೆ. ಕಾಗದದ ಮೇಲೆ ತುಂಬ ಚೆನ್ನಾಗಿದೆ. ರಸ್ತೆಯ ಮೇಲೂ ಬಹುಪಾಲು ಚೆನ್ನಾಗಿಯೇ ಇತ್ತು. ಸಹ್ಯಾದ್ರಿಯನ್ನು ಇಷ್ಟು ಸಲ ಹತ್ತಿ ಇಳಿದರೆ ಬೇಜಾರಾಗುವುದು ಹೇಗೆ ಹೇಳಿ. ಆದರೆ ಆ ಚೆಂದಕ್ಕೂ ಟೂರ್ ತಂಡಕ್ಕೂ ಸಂಬಂಧ ಇಲ್ಲ, ಅದು ಅವರು ಇಲ್ಲದಿದ್ದರೂ ಅಲ್ಲೇ ಇರುತ್ತದೆ.

ಮೊದಲು ಬೈಕ್ ವಿಷಯ. ನಮ್ಮಲ್ಲಿ ಇಬ್ಬರು ಸ್ವಂತ ಬೈಕ್ ತಂದಿದ್ದರು. ನಾನು ಟೂರ್ ತಂಡದವರ ಮೂಲಕವೇ ಬಾಡಿಗೆಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಂಡೆ. ಹಳೆಯ ಮಾಡೆಲ್, ಈಗ 450 ಬಂದಿದೆ, ಆದರೆ ಘಾಟಿಗೆ ಹಳೆಯದರಲ್ಲೂ ಕೊರತೆ ಏನಿಲ್ಲ. ಕೆಳಗಿನ ಗೇರಿನಲ್ಲಿ ಎಳೆಯುವ ಶಕ್ತಿ ಚೆನ್ನಾಗಿದೆ. ಸೀಟು 800 ಮಿಲಿಮೀಟರ್ ಎತ್ತರ, ಹಾಗಾಗಿ ಕುಳ್ಳಗಿರುವವರಿಗೂ ಕಾಲು ಎಟಕುತ್ತದೆ. ತೂಕ ಮಾತ್ರ ಇನ್ನೂರು ಕೇಜಿ ಹತ್ತಿರ, ಇಳಿಜಾರಿನಲ್ಲಿ ಪಾರ್ಕ್ ಮಾಡಿ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಕೊಟ್ಟ ಬೈಕಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇತ್ತು. ಇದನ್ನು ಮೊದಲೇ ನೋಡಿಕೊಳ್ಳಿ. ಬಾಡಿಗೆ ಬೈಕ್ ಅಂದರೆ ಹಾಗೇ ಇರಬೇಕು. ಬಿಳಿ ಪ್ಲೇಟಿನ ಖಾಸಗಿ ಬೈಕನ್ನು ಬಾಡಿಗೆಗೆ ಕೊಡುವವರು ಗೋವಾದಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದಾರೆ, ಇನ್ನೂರು ಮುನ್ನೂರು ಕಡಿಮೆಯೂ ಹೇಳುತ್ತಾರೆ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ, ಪೊಲೀಸರು ಕೈ ಹಿಡಿಯುತ್ತಾರೆ.

ವಿಮೆಯ ಬಗ್ಗೆ ಇನ್ನೊಂದು ಮಾತು. ಬೈಕಿನ ಪಾಲಿಸಿಯಲ್ಲಿ 15 ಲಕ್ಷದ ಅಪಘಾತ ವಿಮೆ ಅಂತ ಇರುತ್ತದಲ್ಲ, ಅದು ಮಾಲೀಕನೇ ಓಡಿಸುವಾಗ ಮಾತ್ರ. ಬಾಡಿಗೆಗೆ ತಗೊಂಡ ನಾವು ಮಾಲೀಕರಲ್ಲ. ಬುಕ್ ಮಾಡುವಾಗ ನಾನು ಇದನ್ನು ಕೇಳಿದ್ದಕ್ಕೆ ಆಫೀಸಿನ ಹುಡುಗ "ಸರ್, ಫುಲ್ ಇನ್ಶೂರೆನ್ಸ್ ಇದೆ, ಟೆನ್ಷನ್ ಬೇಡ" ಅಂದ. ಫುಲ್ ಅಂದರೆ ಬೈಕಿಗೆ ಫುಲ್. ನಮಗೆ ಬೇಕಾದದ್ದನ್ನು ನಾವೇ ಬೇರೆ ಮಾಡಿಸಿಕೊಂಡೆವು. ಇಷ್ಟು ದುಡ್ಡು ತಗೊಳ್ಳುವವರು ಇದನ್ನು ತಾವಾಗಿಯೇ ಹೇಳಬೇಕಿತ್ತು, ಅಲ್ವಾ?

ಹೊರಡುವ ಮುಂಚೆ ಬ್ರೀಫಿಂಗ್. ಇದಕ್ಕೆ ಪೂರ್ತಿ ಮಾರ್ಕ್ಸ್. ಗುಂಪನ್ನು ಮುನ್ನಡೆಸುವ ಕ್ಯಾಪ್ಟನ್ ಮರಾಠಿಯಲ್ಲಿ ಶುರು ಮಾಡಿದ, ಮುಂಬೈ ಕಡೆಯವರಿಗೋಸ್ಕರ ಹಿಂದಿಗೆ ಬಂದ, ನಮ್ಮ ಕಲಬುರಗಿಯವನಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಮುಂಬೈಯವರು ಹಿಂದಿನ ದಿನವೇ ಬಂದಿದ್ದರು. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಹಳೆಯ ಹೈವೇಯಲ್ಲಿ ಲೋಣಾವಳಾ ಮೇಲೆ ಬಂದು ಆಗಲೇ ಸುಸ್ತಾಗಿದ್ದರು. ಕ್ಯಾಪ್ಟನ್ ಹೇಳಿದ್ದು ಇಷ್ಟು: ನೇರ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರಲ್ಲ, ಒಬ್ಬ ಲೇನಿನ ಬಲಕ್ಕೆ, ಮುಂದಿನವ ಎಡಕ್ಕೆ, ಹೀಗೆ ಓರೆಯಾಗಿ ಹೋಗಬೇಕು. ತಿರುವು ಬಂದರೆ ಒಂದೇ ಸಾಲು. ಘಾಟಿಯಲ್ಲಿ ಗುಂಪಿನೊಳಗೆ ಓವರ್‌ಟೇಕ್ ಇಲ್ಲವೇ ಇಲ್ಲ. ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಹೋಗಬೇಡಿ, ಎರಡನೇ ಮೂರನೇ ಗೇರಿನಲ್ಲಿ ಇಂಜಿನ್ನೇ ಬೈಕನ್ನು ತಡೆಯಲಿ, ಬ್ರೇಕ್ ಕಾದರೆ ಕೆಳಗೆ ಹೋಗುವ ಹೊತ್ತಿಗೆ ಹಿಡಿಯುವುದಿಲ್ಲ. ಕಿರಿದಾದ ಕಡೆ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು, ಇದು ಮರ್ಯಾದೆಯಷ್ಟೇ ಅಲ್ಲ, ನಿಯಮವೂ ಹೌದು. ಇವೆಲ್ಲ ಗೊತ್ತಿದ್ದದ್ದೇ. ಆದರೆ ಒಂದು ಮಾತು ಹೇಳಿದ, ಅದು ಇಡೀ ರೈಡಿಗೆ ಕೆಲಸಕ್ಕೆ ಬಂತು: ನಿಮ್ಮ ಮುಂದಿನವನನ್ನು ಹಿಡಿಯಲು ಓಡಬೇಡಿ, ಕನ್ನಡಿಯಲ್ಲಿ ನಿಮ್ಮ ಹಿಂದಿನವ ಕಾಣಿಸುತ್ತಾನಾ ನೋಡಿ. ಕಾಣಿಸದಿದ್ದರೆ ಮುಂದಿನ ಕವಲಿನಲ್ಲಿ ನಿಲ್ಲಿ. ಎಲ್ಲರೂ ಇಷ್ಟು ಮಾಡಿದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಕಡೆಯಲ್ಲಿ ಇರುವವನಿಗೆ ಸ್ವೀಪ್ ಅನ್ನುತ್ತಾರೆ. ಗುಂಪಿನಲ್ಲಿ ಅವನ ಹಿಂದೆ ಯಾರೂ ಇರಬಾರದು. ಯಾರು ಎಲ್ಲಿ ನಿಂತರೂ ಅವನು ನಿಲ್ಲುತ್ತಾನೆ. ನಮ್ಮ ಸ್ವೀಪ್ ನಲವತ್ತು ದಾಟಿದ, ಮಾತು ಕಮ್ಮಿ ಇರುವ ಮನುಷ್ಯ. ಬ್ರೀಫಿಂಗ್ ನಡೆಯುವಾಗ ಅವನು ಕೇಳುತ್ತಲೇ ಇರಲಿಲ್ಲ, ಒಂದೊಂದೇ ಬೈಕಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚೈನ್ ಎತ್ತಿ ನೋಡುತ್ತಿದ್ದ. ಸ್ವಂತ ಬೈಕ್ ತಂದ ಒಬ್ಬರ ಚೈನ್ ಜೋತು ಬಿದ್ದಿತ್ತು. ಕೇಳದೆಯೇ ಸ್ಪ್ಯಾನರ್ ತೆಗೆದು ಟೈಟ್ ಮಾಡಿ, ಎರಡೂ ಕಡೆಯ ಗುರುತು ಒಂದೇ ಗೆರೆಗೆ ಬಂದಿದೆಯಾ ಅಂತ ಎರಡೆರಡು ಸಲ ನೋಡಿ ಎದ್ದ. ಕ್ಯಾಪ್ಟನ್ನಿನ ಭಾಷಣಕ್ಕಿಂತ ನನಗೆ ಇದು ಜಾಸ್ತಿ ಧೈರ್ಯ ಕೊಟ್ಟಿತು.

ತಾಮ್ಹಿಣಿ ಬಗ್ಗೆ ಹೊಸದಾಗಿ ಹೇಳಲು ಏನಿದೆ. ಪುಣೆಯಲ್ಲಿ ಇರುವವರೆಲ್ಲ ಮಳೆಗಾಲದಲ್ಲಿ ಒಮ್ಮೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಿದ್ದು ಬಂದವರೇ. ಮಳೆ ನಿಂತ ಮೇಲೆ, ವಾರದ ಮಧ್ಯೆ ಹೋದರೆ ಅದು ಬೇರೆಯೇ ಊರು. ಮುಳಶಿ ಕೆರೆಯ ಪಕ್ಕದಲ್ಲೇ ರಸ್ತೆ. ಕೆರೆ ಅಂದೆ, ಅದು ಟಾಟಾದವರು ಮುಂಬೈಗೆ ಕರೆಂಟು ಮಾಡಲು ಕಟ್ಟಿದ ಆಣೆಕಟ್ಟಿನ ನೀರು. ಜಮೀನು ಮುಳುಗುತ್ತದೆ ಅಂತ 1921ರಲ್ಲಿ ಇಲ್ಲಿನ ರೈತರು ಸೇನಾಪತಿ ಬಾಪಟ್ ಜೊತೆ ಸತ್ಯಾಗ್ರಹ ಕೂತಿದ್ದರು. ಆಲಮಟ್ಟಿಯಲ್ಲಿ ಊರು ಕಳೆದುಕೊಂಡವರನ್ನು ನೋಡಿ ಬೆಳೆದ ನಮಗೆ ಅಲ್ಲಿ ಬರೀ ಸೆಲ್ಫಿ ತಗೊಂಡು ಹೋಗಲು ಮನಸ್ಸಾಗಲಿಲ್ಲ. ತಂಡದವರು ಈ ಕಥೆ ಹೇಳುವುದಿಲ್ಲ, ಅವರಿಗೆ ಅದು ವ್ಯೂ ಪಾಯಿಂಟ್.

ಇಲ್ಲಿಂದಲೇ ತಕರಾರು ಶುರು. ತಂಡದ ಜೊತೆ ರೀಲ್ಸ್ ಮಾಡುವ ಹುಡುಗ ಒಬ್ಬ ಇದ್ದ, ಡ್ರೋನ್ ಸಮೇತ. ತಾಮ್ಹಿಣಿಯ ಒಂದು ಚೆಂದದ ತಿರುವಿನಲ್ಲಿ ಹದಿನೈದು ಬೈಕನ್ನೂ ನಿಲ್ಲಿಸಿ, ವಾಪಸ್ ಕಳಿಸಿ, ಮತ್ತೆ ಸಾಲಾಗಿ ಬನ್ನಿ ಅಂದರು. ಒಂದು ಸಲ ಬಂದೆವು. ಮೋಡ ಅಡ್ಡ ಬಂತು ಅಂತ ಇನ್ನೊಂದು ಸಲ. ನಡುವೆ ಒಂದು ಕಾರು ನುಗ್ಗಿತು ಅಂತ ಮತ್ತೊಂದು ಸಲ. ಘಾಟಿಯ ತಿರುವಿನಲ್ಲಿ ಯೂ ಟರ್ನ್ ಹೊಡೆಸುವುದು ಯಾವ ಬ್ರೀಫಿಂಗಿನ ಪಾಠ? ಅದು ಅವರ ಜಾಹೀರಾತಿಗೆ, ನಮ್ಮ ಟೈಮು, ನಮ್ಮ ಪೆಟ್ರೋಲು. ಮಹಾಡ್ ಮುಟ್ಟುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಮಹಾಡಿನಲ್ಲಿ ಚವದಾರ್ ಕೆರೆ ಇದೆ, 1927ರಲ್ಲಿ ಅಂಬೇಡ್ಕರ್ ಸತ್ಯಾಗ್ರಹ ಮಾಡಿ ನೀರು ಮುಟ್ಟಿದ ಕೆರೆ. ರಸ್ತೆಯಿಂದ ದೂರವೇನಿಲ್ಲ, ನೋಡೋಣ ಅಂದೆವು. "ಟೈಮ್ ಇಲ್ಲ" ಅಂದರು. ಡ್ರೋನಿಗೆ ಇದ್ದ ಟೈಮು ಇದಕ್ಕೆ ಇರಲಿಲ್ಲ.

ಹೀಗೆ ಹೊತ್ತು ಕಳೆದದ್ದರಿಂದ ಅಂಬೆನಳಿ ಹತ್ತುವಾಗ ಬಿಸಿಲು ಇಳಿಯುತ್ತಿತ್ತು. ಇದು ಕಡಿದಾದ ಘಾಟಿ. ತಿರುವುಗಳು ಒಂದರ ಮೇಲೊಂದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಮಳೆಗಾಲದ ಪಾಚಿ ರಸ್ತೆಯ ಅಂಚಿನಲ್ಲಿ ಇನ್ನೂ ಹಸಿರಾಗಿಯೇ ಇತ್ತು, ಅದರ ಮೇಲೆ ಟೈರ್ ಹೋದರೆ ಜಾರುತ್ತದೆ. ಮಹಾರಾಷ್ಟ್ರದ ಎಸ್‌ಟಿ ಬಸ್ಸು, ಇಲ್ಲಿನವರು ಪ್ರೀತಿಯಿಂದ ಲಾಲ್ ಪರಿ ಅನ್ನುತ್ತಾರೆ, ಇಂಥ ತಿರುವಿನಲ್ಲಿ ಇಳಿಯುವಾಗ ಪೂರ್ತಿ ರಸ್ತೆ ಅದಕ್ಕೇ ಬೇಕು. ಡ್ರೈವರದ್ದು ತಪ್ಪಲ್ಲ, ಬಸ್ಸಿನ ಉದ್ದಕ್ಕೆ ಬೇರೆ ದಾರಿ ಇಲ್ಲ. ಅದರ ಹಾರ್ನ್ ಕೇಳಿದ ಕೂಡಲೇ ತಿರುವಿಗೆ ಮುಂಚೆಯೇ ಎಡಕ್ಕೆ ನಿಂತುಬಿಡುವುದು ಒಳ್ಳೆಯದು.

ಅಲ್ಲೇ ನನ್ನ ಹಿಂದಿನ ಚಕ್ರ ಅಲ್ಲಾಡಲು ಶುರುವಾಯಿತು. ಪಂಕ್ಚರ್. ಹಿಮಾಲಯನ್ 411ದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಟ್ಯೂಬ್‌ಲೆಸ್ ಆಗಿದ್ದರೆ ಹೊರಗಿಂದಲೇ ಚುಚ್ಚಿ ರಬ್ಬರ್ ತುಂಬಿ ಹತ್ತು ನಿಮಿಷದಲ್ಲಿ ಹೊರಡಬಹುದು. ಇದರಲ್ಲಿ ಚಕ್ರವನ್ನೇ ಬಿಚ್ಚಬೇಕು. ಬ್ರೋಷರಿನಲ್ಲಿ "ಇಡೀ ದಾರಿ ಬ್ಯಾಕಪ್ ವಾಹನ" ಅಂತ ದಪ್ಪಕ್ಷರದಲ್ಲಿ ಇತ್ತು. ಕೇಳಿದರೆ, ಬ್ಯಾಕಪ್ ಪಿಕಪ್ ನಮ್ಮ ಬ್ಯಾಗುಗಳನ್ನು ಹಾಕಿಕೊಂಡು ಪುಣೆಯಿಂದ ಸಾತಾರಾ ಹೈವೇ ಹಿಡಿದು ವಾಯಿ ಮೇಲಿಂದ ಆರಾಮಾಗಿ ಮಹಾಬಳೇಶ್ವರ ಸೇರಿತ್ತಂತೆ! ನಾವು ಸಹ್ಯಾದ್ರಿಯ ಈ ಕಡೆ, ಬ್ಯಾಕಪ್ ಆ ಕಡೆ. ಮೊಬೈಲ್ ಸಿಗ್ನಲ್ಲೂ ಇಲ್ಲ.

ಸ್ವೀಪ್ ಏನೂ ಅನ್ನಲಿಲ್ಲ. ತನ್ನ ಬೈಕನ್ನು ತಿರುವಿಗೆ ಮುಂಚೆ, ಕೆಳಗಿಂದ ಬರುವವರಿಗೆ ಕಾಣುವ ಹಾಗೆ ನಿಲ್ಲಿಸಿ ಇಂಡಿಕೇಟರ್ ಹಾಕಿದ. ನನ್ನ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿದ. ಆಕ್ಸಲ್ ಬಿಚ್ಚಿ, ಚೈನ್ ಸರಿಸಿ, ಚಕ್ರ ಹೊರಗೆ ತೆಗೆದ. ವಾಲ್ವ್ ಪಿನ್ ತಿರುಗಿಸಿ ಉಳಿದ ಗಾಳಿ ಬಿಟ್ಟು, ಟೈರಿನ ಅಂಚಿನ ಮೇಲೆ ಬೂಟುಗಾಲಲ್ಲಿ ನಿಂತು ಒತ್ತಿ ರಿಮ್ಮಿನಿಂದ ಬಿಡಿಸಿದ. ಎರಡು ಲಿವರ್ ಹಾಕಿ ಒಂದು ಬದಿ ಎಬ್ಬಿಸಿ ಟ್ಯೂಬ್ ಎಳೆದ. ನಾನು ಹೊಸ ಟ್ಯೂಬ್ ಮುಂದೆ ಹಿಡಿದರೆ "ಥಾಂಬಾ", ತಡೀರಿ, ಅಂದ. ಟೈರಿನ ಒಳಗೆ ಬೆರಳು ಹಾಕಿ ನಿಧಾನಕ್ಕೆ ಸುತ್ತಲೂ ಸವರಿಕೊಂಡು ಬಂದ. ಒಂದು ಕಡೆ ಕೈ ನಿಂತಿತು. ಇಕ್ಕಳದಿಂದ ಎಳೆದರೆ ಉಗುರಿನಷ್ಟು ಉದ್ದದ ತಂತಿಯ ಚೂರು. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದ್ದರೆ ಮುಂದಿನ ಮೂರು ತಿರುವಿನಲ್ಲಿ ಅದೂ ಹೋಗುತ್ತಿತ್ತು. ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರಿನಿಂದ ಗಾಳಿ ತುಂಬಿ, ಚೈನ್ ಗುರುತು ಮತ್ತೆ ನೋಡಿ, ಹಿಂದಿನ ಬ್ರೇಕ್ ಪೆಡಲ್ ನಾಲ್ಕು ಸಲ ಒತ್ತಿ ನೋಡು ಅಂದ. ಚಕ್ರ ತೆಗೆದು ಹಾಕಿದ ಮೇಲೆ ಮೊದಲ ಒತ್ತು ಖಾಲಿ ಹೋಗುತ್ತದೆ, ಅದು ತಿರುವಿನಲ್ಲಿ ಗೊತ್ತಾಗಬಾರದು. ಎಲ್ಲ ಅರ್ಧ ಗಂಟೆಯ ಕೆಲಸ. ಇಪ್ಪತ್ತೈದು ಸಾವಿರ ಯಾಕೆ ಅಂತ ಕೇಳಿದ್ದೆನಲ್ಲ, ನನ್ನ ಲೆಕ್ಕದಲ್ಲಿ ಹತ್ತು ಸಾವಿರ ಅಲ್ಲೇ ಚುಕ್ತಾ.

ಪ್ರತಾಪಗಡಕ್ಕೆ ಹೋಗುವ ಕವಲು ಈ ದಾರಿಯಲ್ಲೇ ಸಿಗುತ್ತದೆ. ಕೋಟೆ ಹತ್ತುವಷ್ಟು ಬೆಳಕು ಉಳಿದಿರಲಿಲ್ಲ, ಕೆಳಗಿಂದಲೇ ನೋಡಿದ್ದು. ಚಹಾ ಅಂಗಡಿಯ ಮುಂದೆ ಕ್ಯಾಪ್ಟನ್ 1659ರ ನವೆಂಬರಿನಲ್ಲಿ ಶಿವಾಜಿ ಮತ್ತು ಅಫ್ಜಲ್ ಖಾನ್ ಭೇಟಿಯಾದ ಕಥೆಯನ್ನು ಕೈಕಾಲು ಆಡಿಸಿ ಹೇಳಿದ. ಚೆನ್ನಾಗಿಯೇ ಹೇಳಿದ. ನಾವು ವಿಜಯಪುರದವರು ಮುಖ ಮುಖ ನೋಡಿಕೊಂಡೆವು. ಖಾನ್ ಹೊರಟದ್ದು ನಮ್ಮೂರಿನಿಂದ, ಹೊರಡುವ ಮುಂಚೆ ಅವನು ಕೊಂದನೆನ್ನುವ ಹೆಂಡಂದಿರ ಗೋರಿಗಳ, ಅಂದರೆ ಸಾಠ್ ಕಬರಿನ ಕಥೆ ಕೇಳಿಯೇ ನಾವು ದೊಡ್ಡವರಾದದ್ದು. ಕಥೆಯ ಮೊದಲರ್ಧ ನಮ್ಮ ಕಡೆ, ಉಳಿದರ್ಧ ಇಲ್ಲಿ. ನಮ್ಮ ಭಾಗವನ್ನು ನಾವು ಹೇಳಿದಾಗ ಕ್ಯಾಪ್ಟನ್ ಚಹಾ ಬಿಟ್ಟು ಕೇಳಿದ. ದುಡ್ಡು ಕೊಟ್ಟು ಅಪರಿಚಿತರ ಜೊತೆ ಹೋಗುವುದರ ಲಾಭ ಏನಾದರೂ ಇದ್ದರೆ ಇಂಥದ್ದೇ.

ಮಹಾಬಳೇಶ್ವರ ಸೇರುವಾಗ ಕತ್ತಲಾಗಿ ಮಂಜು ಬೇರೆ ಇಳಿದಿತ್ತು. ಇಲ್ಲಿ ಆ ಕನ್ನಡಿ ನಿಯಮ ನಿಜಕ್ಕೂ ಕೆಲಸ ಮಾಡಿತು. ಹೈ ಬೀಮ್ ಹಾಕಿದರೆ ಮಂಜಿನಲ್ಲಿ ಬೆಳ್ಳಗೆ ಗೋಡೆ ಎದ್ದ ಹಾಗೆ ಆಗುತ್ತದೆ, ಲೋ ಬೀಮಿನಲ್ಲೇ ಹೋಗಿ ಅಂದಿದ್ದರು. ಕವಲು ಕವಲಿಗೂ ಒಬ್ಬೊಬ್ಬರು ನಿಂತು ಹಿಂದಿನವರನ್ನು ಕಾದರು. ಯಾರೂ ತಪ್ಪಿಸಿಕೊಳ್ಳಲಿಲ್ಲ. ಹೋಟೆಲ್ ಸಾಧಾರಣ. ಬಿಸಿನೀರು ಬಂತು, ಹೊದಿಕೆ ವಾಸನೆ ಬಂತು.

ಮರುದಿನದ ಕಾರ್ಯಕ್ರಮದಲ್ಲಿ "ಸ್ಟ್ರಾಬೆರಿ ತೋಟದಲ್ಲಿ ಹಣ್ಣು ಕೀಳುವುದು" ಅಂತ ಇತ್ತು. ದಸರಾ ಕಳೆದ ಹೊಸದರಲ್ಲಿ! ಅಲ್ಲಿ ಆಗಷ್ಟೇ ಸಸಿ ನೆಟ್ಟಿರುತ್ತಾರೆ, ಹಣ್ಣು ಬರುವುದು ಚಳಿ ಬಿದ್ದ ಮೇಲೆ. ಚಳಿಗಾಲದ ಬ್ಯಾಚಿನ ಬ್ರೋಷರನ್ನೇ ತಾರೀಕು ಬದಲಿಸಿ ಕಳಿಸಿದ್ದಾರೆ ಅಷ್ಟೇ. ತೋಟಕ್ಕೆ ಕರೆದುಕೊಂಡು ಹೋಗಿ ಎಲೆ ತೋರಿಸಿದರು, ಜಾಮ್ ಅಂಗಡಿಗೆ ಬಿಟ್ಟರು.

ನಾವು ಬೇರೆಯದನ್ನೇ ಹಠ ಹಿಡಿದು ಸೇರಿಸಿದೆವು. ಹಳೆ ಮಹಾಬಳೇಶ್ವರದ ಪಂಚಗಂಗಾ ಗುಡಿ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ನದಿಗಳ ನೀರು ಒಂದು ಕಲ್ಲಿನ ಗೋಮುಖದಿಂದ ಬೀಳುತ್ತದೆ. ಸಣ್ಣ ಧಾರೆ, ಬೊಗಸೆಯಲ್ಲಿ ಹಿಡಿಯುವಷ್ಟು. ಆಲಮಟ್ಟಿಯ ಹಿನ್ನೀರು ನೋಡಿದವರು ಇದನ್ನು ನೋಡಲೇಬೇಕು. ಕ್ಯಾಪ್ಟನ್ನಿಗೆ ಇದು ಪಟ್ಟಿಯಲ್ಲಿ ಇಲ್ಲದ ಸ್ಟಾಪ್, ಮುಖ ಸ್ವಲ್ಪ ಸಣ್ಣದಾಯಿತು. ಆದರೆ ಒಂದು ವಿಷಯ ಅವರ ಗಮನಕ್ಕೆ ಬಂದಿಲ್ಲ. ಇವರು ಮಾರುತ್ತಿರುವ ಈ ದಾರಿ ಪೂರ್ತಿ ನಮ್ಮ ನದಿಗಳ ತವರುಮನೆ. ಮಹಾಬಳೇಶ್ವರದಲ್ಲಿ ಕೃಷ್ಣೆ. ಆಂಬೋಲಿಯಲ್ಲಿ ಹಿರಣ್ಯಕೇಶಿ, ಸಂಕೇಶ್ವರದ ಪಕ್ಕ ಹರಿದು ಘಟಪ್ರಭೆಗೆ ಸೇರುವ ನದಿ. ಚೋರ್ಲಾ ಹತ್ತಿದ ಮೇಲೆ ಕಣಕುಂಬಿಯಲ್ಲಿ ಮಲಪ್ರಭೆ. ಉತ್ತರ ಕರ್ನಾಟಕದ ಜನಕ್ಕೆ ಇದನ್ನೇ ಹೇಳಿ ಬ್ಯಾಚ್ ಮಾಡಿದರೆ ಸೀಟು ಸಿಗುವುದಿಲ್ಲ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬರೆದಿದ್ದೇನೆ, ನೋಡೋಣ.

ಪಸರಣಿ ಇಳಿಯುವುದು ಮಜವಾಗಿದೆ. ಕೆಳಗೆ ವಾಯಿ ಊರು ಪೂರ್ತಿ ಕಾಣುತ್ತದೆ. ವಾಯಿಯಿಂದ ಕೊಲ್ಹಾಪುರದವರೆಗೆ ಹೈವೇ, ಅದನ್ನು ಅಗಲ ಮಾಡುವ ಕೆಲಸ ನಡೆದಿರುವುದರಿಂದ ಡೈವರ್ಷನ್, ಧೂಳು, ಮತ್ತೆ ಡೈವರ್ಷನ್. ಬರೆಯುವಂಥದ್ದು ಏನಿಲ್ಲ.

ಕೊಲ್ಹಾಪುರದ ರಾತ್ರಿಯ ಊಟ ಪ್ಯಾಕೇಜಿನಲ್ಲಿ ಇತ್ತು. ಮಾಂಸ ತಿನ್ನುವವರಿಗೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ. ಕೆಂಪು ಖಾರ, ಬಿಳಿಯದು ಎಳ್ಳು ಗಸಗಸೆ ತೆಂಗಿನಹಾಲಿನ ಹದ. ಬಿಳಿಯದನ್ನು ಬಟ್ಟಲು ಎತ್ತಿ ಕುಡಿಯಬೇಕು. ನಮ್ಮಲ್ಲಿ ಇಬ್ಬರು ಶುದ್ಧ ಶಾಕಾಹಾರಿ, ಫಾರ್ಮಿನಲ್ಲಿ ಬರೆದೂ ಕೊಟ್ಟಿದ್ದರು. ಅವರಿಗೆ ಅಂತ ಬಂದದ್ದು ಪನೀರ್ ಬಟರ್ ಮಸಾಲಾ. ಅಲ್ರೀ, ಅಖ್ಖಾ ಮಸೂರ್, ಅಂದರೆ ಇಡೀ ಮಸೂರ್ ಕಾಳಿನ ಮಸಾಲೆ ಪಲ್ಯ ಸಿಗುವ ಸೀಮೆಯಲ್ಲಿ ಪನೀರಾ? ಸ್ವೀಪ್ ಕರೆದುಕೊಂಡು ಹೋಗಿ ಪಕ್ಕದ ಸಾದಾ ಖಾನಾವಳಿಯಲ್ಲಿ ಮಸೂರ್ ಮತ್ತು ದಪ್ಪ ರೊಟ್ಟಿ ಕೊಡಿಸಿದ. ಮಾಂಸದವರೂ ಎದ್ದು ಅಲ್ಲಿಗೇ ಹೋದರು.

ಆಂಬೋಲಿಯ ದಿನ ಇಡೀ ಟ್ರಿಪ್ಪಿನ ಒಳ್ಳೆಯ ದಿನ. ನಿಪ್ಪಾಣಿ ಹತ್ತಿರ ಕನ್ನಡ ಬೋರ್ಡು ಕಂಡ ಕೂಡಲೇ ನಮ್ಮ ಬೆಳಗಾವಿಯವ ಹಾರ್ನ್ ಹೊಡೆದದ್ದೇ ಹೊಡೆದದ್ದು. ಆಜರಾ ದಾಟಿದ ಮೇಲೆ ಕಬ್ಬಿನ ಹೊಲ ಮುಗಿದು ಕಾಡು ಶುರುವಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಆಂಬೋಲಿ ಸಮುದ್ರ ಮಟ್ಟದಿಂದ 690 ಮೀಟರ್ ಎತ್ತರ, ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಹಿರಣ್ಯಕೇಶಿ ಗುಡಿಯ ಹತ್ತಿರ ಗುಹೆಯೊಳಗಿಂದ ನೀರು ಬರುತ್ತದೆ. ಈ ಸಲ ಕ್ಯಾಪ್ಟನ್ ತಾನಾಗಿಯೇ ನಿಲ್ಲಿಸಿದ, ನಮ್ಮ ಕಿರಿಕಿರಿಗೆ ಹೆದರಿ ಇರಬೇಕು. ಘಾಟಿ ಇಳಿಯುವಾಗ ಗುಂಪು ಮೊದಲ ಸಲ ಸರಿಯಾಗಿ ಒಂದು ಲಯಕ್ಕೆ ಬಂತು. ಯಾರೂ ಯಾರನ್ನೂ ತಳ್ಳಲಿಲ್ಲ. 650 ಸಿಸಿಯವರು ಕೂಡ 150ರ ಹಿಂದೆ ತೆಪ್ಪಗೆ ಬಂದರು. ರೀಲ್ಸ್ ಹುಡುಗನ ಡ್ರೋನ್ ಬ್ಯಾಟರಿ ಅವತ್ತು ಚಾರ್ಜ್ ಆಗಿರಲಿಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು.

ಗೋವಾದಲ್ಲಿ "ಬೀಚ್ ಪಕ್ಕದ ರೆಸಾರ್ಟ್" ಅಂದದ್ದು ಮಾಪುಸಾ ಕಡೆಯ ಲಾಡ್ಜ್. ಬೀಚಿಗೆ ಬೈಕ್ ಹತ್ತಿ ಹೋಗಬೇಕು. ರೆಸ್ಟ್ ದಿನ ಅಂದರೆ ಅವರಿಗೆ ರೆಸ್ಟ್, ನಮ್ಮ ಖರ್ಚು ನಮ್ಮದು. ಪೆಟ್ರೋಲ್ ಮಹಾರಾಷ್ಟ್ರಕ್ಕಿಂತ ಅಗ್ಗ, ಟ್ಯಾಂಕ್ ತುಂಬಿಸಿಕೊಳ್ಳಿ. ಬಾಟಲಿ ತುಂಬಿಸಿಕೊಂಡರೆ ಮಾತ್ರ ಪರ್ಮಿಟ್ ಬೇಕು, ಗಡಿಯಲ್ಲಿ ಅಬಕಾರಿಯವರು ಬ್ಯಾಗ್ ಬಿಚ್ಚಿಸುತ್ತಾರೆ. ಇದನ್ನು ತಂಡದವರು ಮುಂಚೆಯೇ ಸ್ಪಷ್ಟವಾಗಿ ಹೇಳಿದ್ದರು, ಮೆಚ್ಚಬೇಕು. ವಾಸ್ಕೋದಲ್ಲಿ ನಮ್ಮ ಕಡೆಯ ಜನ ಬೇಕಾದಷ್ಟಿದ್ದಾರೆ, ಅಲ್ಲಿ ಪರಿಚಯದವರ ಮನೆಯಲ್ಲಿ ಜೋಳದ ರೊಟ್ಟಿ ಊಟ ಸಿಕ್ಕಿತು. ಲಾಡ್ಜಿನ ಬಗ್ಗೆ ಸಿಟ್ಟು ಅಷ್ಟಕ್ಕೇ ಇಳಿಯಿತು.

ಚೋರ್ಲಾ ಹತ್ತುವಾಗ ಸಾಂಖಳಿ, ಕೇರಿ ದಾಟಿ ಮೇಲೆ ಬಂದರೆ ಅಂಜುಣೆ ಆಣೆಕಟ್ಟಿನ ನೀರು ಕೆಳಗೆ ಕಾಣುತ್ತದೆ. ಮೂರು ರಾಜ್ಯಗಳ ಗಡಿ ಸೇರುವ ಸೀಮೆ ಇದು. ಸರಕು ಲಾರಿ ಜಾಸ್ತಿ, ತಾಳ್ಮೆ ಬೇಕು. ಕರ್ನಾಟಕದ ಕಡೆಯ ರಸ್ತೆ ವರ್ಷಗಟ್ಟಲೆ ಗುಂಡಿಗೇ ಹೆಸರಾಗಿತ್ತು, ಆ ಅಭ್ಯಾಸಕ್ಕೋ ಏನೋ ನಮ್ಮವರೆಲ್ಲ ಗಡಿ ದಾಟುತ್ತಿದ್ದ ಹಾಗೆ ತಾವಾಗಿಯೇ ವೇಗ ಇಳಿಸಿದರು. ಕಣಕುಂಬಿ ಅಂದರೆ ಹುಬ್ಬಳ್ಳಿ ಧಾರವಾಡ ಕಡೆಯವರಿಗೆ ಕಳಸಾ ಬಂಡೂರಿ ಹೋರಾಟದ ಹೆಸರು. ಎಷ್ಟು ಬಂದ್ ನೋಡಿಲ್ಲ ಇದಕ್ಕೋಸ್ಕರ. ಮಾವುಲಿ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುವ ಜಾಗ ನೋಡಿ, ಜಾಂಬೋಟಿಯಲ್ಲಿ ಚಹಾ ಕುಡಿದು, ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡೆವು. ಮಾರನೇ ದಿನದ ಬೆಳಗಾವಿ–ಪುಣೆ ಸುಮಾರು 340 ಕಿಲೋಮೀಟರ್, ಬರೀ ಹೈವೇ. ಇಲ್ಲಿ ಗುಂಪು ಚೆಲ್ಲಾಪಿಲ್ಲಿ. ಕ್ಯಾಪ್ಟನ್ ಕರಾಡಿನಲ್ಲೇ ಮುಂದೆ ಹೋಗಿಬಿಟ್ಟ. ಕಾತ್ರಜ್ ಸುರಂಗ ದಾಟುವವರೆಗೂ ಕಡೆಯ ಬೈಕಿನ ಹಿಂದೆ ಸ್ವೀಪಿನ ಹೆಡ್‌ಲೈಟ್ ಇದ್ದೇ ಇತ್ತು.

ಬುಕ್ ಮಾಡುವವರಿಗೆ ನನ್ನ ಸಲಹೆ: ಹೋಟೆಲಿನ ಫೋಟೊ ಕೇಳಬೇಡಿ, ಸ್ವೀಪ್ ಯಾರು ಅಂತ ಕೇಳಿ. ಅವನ ಹತ್ತಿರ ನಿಮ್ಮ ಬೈಕಿನ ಅಳತೆಯ ಟ್ಯೂಬ್ ಇರುತ್ತದಾ, ಬ್ಯಾಕಪ್ ಗಾಡಿ ನಿಮ್ಮ ದಾರಿಯಲ್ಲೇ ಬರುತ್ತದಾ, ಕೇಳಿ. ಹತ್ತು ಬೈಕಿಗಿಂತ ದೊಡ್ಡ ಗುಂಪಾದರೆ ಬೇರೆ ಬ್ಯಾಚ್ ನೋಡಿ, ಹದಿನೈದು ನಿಜಕ್ಕೂ ಜಾಸ್ತಿ. ಚಹಾಕ್ಕೆ ನಿಂತರೆ ಕಡೆಯವನಿಗೆ ಲೋಟ ಸಿಗುವಾಗ ಮೊದಲನೆಯವ ಹೆಲ್ಮೆಟ್ ಹಾಕಿಕೊಂಡಿರುತ್ತಾನೆ. ಘಾಟಿಯಲ್ಲಿ ಸ್ವಂತವಾಗಿ ಓಡಿಸಿ ಅಭ್ಯಾಸ ಇಲ್ಲದವರು ನೇರ ಇದಕ್ಕೆ ಬರಬೇಡಿ, ಮೊದಲು ಒಂದು ಭಾನುವಾರ ಬೆಳಗ್ಗೆ ಬೇಗ ಎದ್ದು ತಾಮ್ಹಿಣಿಗೆ ಹೋಗಿ ಬನ್ನಿ. ಚಕ್ರ ರಿಪೇರಿ ಬರುವ ನಾಲ್ಕು ಜನ ಗೆಳೆಯರು ನಿಮ್ಮಲ್ಲೇ ಇದ್ದರೆ ಈ ದುಡ್ಡು ಕೊಡುವುದೇ ಬೇಡ. ಆಂಬ್ಯುಲೆನ್ಸ್ ನಂಬರ್ ಮೂರೂ ರಾಜ್ಯಗಳಲ್ಲಿ 108.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸ್ವೀಪ್ ಇಲ್ಲದಿದ್ದರೆ ಎರಡು.

ಅಂದ ಹಾಗೆ, ಡಿಪಾಸಿಟ್ ವಾಪಸ್ ಬರುವಾಗ ಎಡಗಡೆ ಕನ್ನಡಿಯ ಗೀರಿಗೆ ಅಂತ ಎಂಟು ನೂರು ಹಿಡಿದಿದ್ದರು. ಬೈಕ್ ಕೈಗೆ ಬಂದಾಗಲೇ ಸುತ್ತ ವಿಡಿಯೋ ಮಾಡಿ ಇಟ್ಟಿದ್ದೆ, ಅದರಲ್ಲಿ ಆ ಗೀರು ಇದೆ. ಕಳಿಸಿದೆ. ಸಾಯಂಕಾಲದೊಳಗೆ ದುಡ್ಡು ಬಂತು, ಸಾರಿ ಬರಲಿಲ್ಲ.